ಟಿ-ರೆಕ್ಸ್ ಓಡುತ್ತಿತ್ತಾ, ಬಿರುಸಾಗಿ ನಡೆಯುತ್ತಿತ್ತಾ?

ಟಿ-ರೆಕ್ಸ್ ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತಿತ್ತು ಅಂತ ಒಮ್ಮೆ ಹುಡುಕಿ ನೋಡಿ. ಒಂದು ಕಡೆ 70 ಅಂತ ಇರುತ್ತದೆ. ಇನ್ನೊಂದು ಕಡೆ 40. ಮತ್ತೊಂದು ಕಡೆ 27 ಅಥವಾ 20. ಅಷ್ಟರಲ್ಲೇ ಯಾವುದೋ ಸುದ್ದಿಯಲ್ಲಿ "ನೀವು ನಡೆದೇ ತಪ್ಪಿಸಿಕೊಳ್ಳಬಹುದು, ಅದರ ವೇಗ 5 ಕಿಲೋಮೀಟರ್‌ಗೂ ಕಡಿಮೆ" ಅಂತ ಬರೆದಿರುತ್ತಾರೆ. ಮನೆಯಲ್ಲಿ ಡೈನೋಸಾರ್ ಹುಚ್ಚಿನ ಮಗು ಇದ್ದರೆ ಯಾವ ಅಂಕಿ ಹೇಳುವುದು?

ತಮಾಷೆ ಅಂದರೆ ಇವುಗಳಲ್ಲಿ ಯಾವುದನ್ನೂ ಯಾರೂ ಸುಮ್ನೆ ಊಹಿಸಿ ಬರೆದಿಲ್ಲ. ಒಂದೊಂದು ಅಂಕಿ ಒಂದೊಂದು ಬೇರೆ ಪ್ರಶ್ನೆಗೆ ಬಂದ ಉತ್ತರ. ಆ ಪ್ರಶ್ನೆ ಯಾವುದು ಅಂತ ಗೊತ್ತಾದರೆ ಅಂಕಿಗಳ ಜಗಳ ಬಹುಪಾಲು ಕರಗಿಹೋಗುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಷ್ಟು ನಿಧಾನದ ಪ್ರಾಣಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದದ್ದು ಹೇಗೆ? ಅದಕ್ಕೆ ಕಾಲು ಬಿಟ್ಟು ಬಾಯಿ ನೋಡಬೇಕು.

## ಯಾರ ಬಗ್ಗೆ ಮಾತಾಡುತ್ತಿದ್ದೇವೆ

ಎರಡು ಕಾಲಿನ ಮೇಲೆ ನಡೆಯುತ್ತಿದ್ದ, ಬಹುತೇಕ ಮಾಂಸವನ್ನೇ ತಿನ್ನುತ್ತಿದ್ದ ಡೈನೋಸಾರ್‌ಗಳ ಗುಂಪಿಗೆ ಥೆರೋಪಾಡ್ ಅನ್ನುತ್ತಾರೆ. ಕೋಳಿ ಗಾತ್ರದವೂ ಇದರಲ್ಲಿದ್ದವು, ಬಸ್ಸಿನಷ್ಟು ಉದ್ದದವೂ ಇದ್ದವು. ಇವತ್ತಿನ ಹಕ್ಕಿಗಳು ಇದೇ ಗುಂಪಿನಿಂದ ಬಂದವು, ಹಾಗಾಗಿ ಈ ಲೇಖನದಲ್ಲಿ ಕೋಳಿ ಮತ್ತೆ ಮತ್ತೆ ಬರುತ್ತದೆ.

ದೊಡ್ಡವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಟಿ-ರೆಕ್ಸ್, ಅಂದರೆ ಟೈರನೋಸಾರಸ್ ರೆಕ್ಸ್. ಸುಮಾರು 12 ಮೀಟರ್ ಉದ್ದ, 8 ಟನ್ ಆಸುಪಾಸು ತೂಕ, ಸೊಂಟದ ಎತ್ತರವೇ ಮೂರೂವರೆ ಮೀಟರ್ ದಾಟುತ್ತಿತ್ತು. ಅಲೋಸಾರಸ್ ಇದಕ್ಕಿಂತ ಹಗುರ, ಇದಕ್ಕಿಂತ ತುಂಬಾ ಹಳೆಯದು. ಎಷ್ಟು ಹಳೆಯದು? ಅಲೋಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಟಿ-ರೆಕ್ಸ್ ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಟಿ-ರೆಕ್ಸ್‌ಗೆ ಅಲೋಸಾರಸ್‌ಗಿಂತ ನಾವೇ ಕಾಲದಲ್ಲಿ ಹತ್ತಿರ! ಚಿತ್ರಗಳಲ್ಲಿ ಇವೆರಡೂ ಕಚ್ಚಾಡುತ್ತಿದ್ದರೆ ಅದು ಬರೀ ಚಿತ್ರ.

## ಕೆಸರಿನಲ್ಲಿ ಉಳಿದ ಲೆಕ್ಕ

ಸತ್ತು ಕೋಟಿಗಟ್ಟಲೆ ವರ್ಷವಾದ ಪ್ರಾಣಿಯ ವೇಗ ಅಳೆಯುವುದು ಹೇಗೆ? ಒಂದು ದಾರಿ ಹೆಜ್ಜೆಗುರುತು. ಒದ್ದೆ ಮರಳಿನ ಮೇಲೆ ನಡೆದು ನೋಡಿ, ಆಮೇಲೆ ಓಡಿ ನೋಡಿ. ಓಡಿದಾಗ ಗುರುತುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ, ಅಲ್ವಾ? ಅಷ್ಟೇ ಇದರ ತಿರುಳು.

ಆದರೆ ಅಂತರ ಒಂದನ್ನೇ ನೋಡಿದರೆ ಸಾಲದು. ಎರಡು ಮೀಟರ್ ಅಂತರ ಚಿಕ್ಕ ಮಗುವಿಗೆ ಓಟ, ಆನೆಗೆ ನಡಿಗೆ. ಕಾಲಿನ ಉದ್ದವೂ ಗೊತ್ತಿರಬೇಕು. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಈ ಎರಡನ್ನೂ ಸೇರಿಸಿ ಒಂದು ಸೂತ್ರ ಕೊಟ್ಟರು. ಮನುಷ್ಯರು, ಕುದುರೆ, ಆನೆ ಹೀಗೆ ಬದುಕಿರುವ ಪ್ರಾಣಿಗಳ ನಡಿಗೆಯಿಂದ ತೆಗೆದ ಸೂತ್ರ ಅದು. ಕಾಲಿನ ಉದ್ದಕ್ಕೆ ಒಂದು ಅಡ್ಡದಾರಿಯನ್ನೂ ಹೇಳಿದರು. ಪಾದದ ಗುರುತಿನ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸೊಂಟದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ.

ಉದಾಹರಣೆಗೆ ಪಾದದ ಗುರುತು ಅರ್ಧ ಮೀಟರ್ ಅಂತಿಟ್ಟುಕೊಳ್ಳಿ. ಸೊಂಟದ ಎತ್ತರ 2 ಮೀಟರ್ ಆಯಿತು. ಬಲಗಾಲು ಊರಿದ ಜಾಗದಿಂದ ಮತ್ತೆ ಬಲಗಾಲು ಊರಿದ ಜಾಗಕ್ಕೆ 3 ಮೀಟರ್ ಇದ್ದರೆ ಸೂತ್ರದ ಪ್ರಕಾರ ವೇಗ ಗಂಟೆಗೆ ಸುಮಾರು 8 ಕಿಲೋಮೀಟರ್. ಅದೇ ಅಂತರ 6 ಮೀಟರ್ ಆದರೆ ವೇಗ ಸುಮಾರು 25 ಕಿಲೋಮೀಟರ್. ಅಂತರ ಎರಡು ಪಟ್ಟು ಆಯಿತು, ವೇಗ ಮೂರು ಪಟ್ಟು ಆಯಿತು.

ಈ ಲೆಕ್ಕದಿಂದ ಕೆಲವು ಒಳ್ಳೆಯ ಓಟಗಾರರು ಸಿಕ್ಕಿದ್ದಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ಸಿಕ್ಕ ಒಂದು ಹೆಜ್ಜೆಸಾಲಿಗೆ 1981ರಲ್ಲಿ ಸುಮಾರು 40 ಕಿಲೋಮೀಟರ್ ವೇಗ ಬಂತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಕಲ್ಲುಗಣಿಯಲ್ಲಿ ಸಿಕ್ಕ ಸಾಲು ನನಗೆ ತುಂಬಾ ಇಷ್ಟ. ಅಲ್ಲಿ ದೊಡ್ಡ ಥೆರೋಪಾಡ್ ಒಂದು ಮೊದಲು ಗಂಟೆಗೆ 7 ಕಿಲೋಮೀಟರ್‌ನಂತೆ ಆರಾಮವಾಗಿ ನಡೆದಿದೆ, ಮುಂದೆ ಅದೇ ಪ್ರಾಣಿ 29 ಕಿಲೋಮೀಟರ್ ವೇಗಕ್ಕೆ ಹೋಗಿದೆ. ಏನು ಕಂಡು ಓಡಿತೋ! ಸ್ಪೇನಿನ ಲಾ ರಿಯೋಹಾದ ಸಾಲುಗಳ ಲೆಕ್ಕ 2021ರಲ್ಲಿ ಬಂತು. ಅದರಲ್ಲಿ ಒಂದು ಸಾಲಿಗೆ 32ರಿಂದ 45 ಕಿಲೋಮೀಟರ್ ನಡುವಿನ ವೇಗ ಸಿಕ್ಕಿತು. ಉಸೇನ್ ಬೋಲ್ಟ್ 2009ರಲ್ಲಿ 100 ಮೀಟರ್ ಓಟವನ್ನು 9.58 ಸೆಕೆಂಡಿನಲ್ಲಿ ಮುಗಿಸಿದಾಗ ಅವರ ಗರಿಷ್ಠ ವೇಗ ಸುಮಾರು 44 ಕಿಲೋಮೀಟರ್ ಇತ್ತು. ಅಂದರೆ ಆ ಸ್ಪೇನಿನ ಡೈನೋಸಾರ್ ಬೋಲ್ಟ್‌ಗೆ ಪೈಪೋಟಿ ಕೊಡುತ್ತಿತ್ತು.

ಆದರೆ ಅದು ಬರೀ ನಾಲ್ಕೈದು ಮೀಟರ್ ಉದ್ದದ ಪ್ರಾಣಿ. ಟಿ-ರೆಕ್ಸ್‌ನಂಥ ದೈತ್ಯ ಓಡಿದ ಹೆಜ್ಜೆಸಾಲು ಇದುವರೆಗೆ ಸಿಕ್ಕಿಲ್ಲ. ಅಮೆರಿಕದ ವಯೋಮಿಂಗ್‌ನಲ್ಲಿ ಟೈರನೋಸಾರ್ (ಟಿ-ರೆಕ್ಸ್ ಮತ್ತು ಅದರ ನೆಂಟರ ಗುಂಪು) ಜಾತಿಯದು ಎನ್ನಲಾದ ಒಂದು ಸಾಲು ಇದೆ, ಅದರ ವೇಗ 4.5ರಿಂದ 8 ಕಿಲೋಮೀಟರ್. ನಡಿಗೆ, ಅಷ್ಟೇ.

ಇನ್ನೊಂದು ತೊಡಕೂ ಇದೆ. ಸೂತ್ರ ಬಂದದ್ದು ಗಟ್ಟಿ ನೆಲದ ಮೇಲಿನ ನಡಿಗೆಯಿಂದ, ಹೆಜ್ಜೆಗುರುತು ಉಳಿಯುವುದು ಮೆತ್ತನೆಯ ಕೆಸರಿನಲ್ಲಿ. ಕೆಸರಿನಲ್ಲಿ ಯಾರೂ ರಸ್ತೆಯ ಮೇಲಿನ ಹಾಗೆ ಹೆಜ್ಜೆ ಹಾಕುವುದಿಲ್ಲ. ಗಿನಿಕೋಳಿಗಳನ್ನು ಕೆಸರಿನ ಮೇಲೆ ನಡೆಸಿ, ಅವುಗಳ ನಿಜವಾದ ವೇಗವನ್ನೂ ಸೂತ್ರ ಹೇಳುವ ವೇಗವನ್ನೂ ಹೋಲಿಸಿದ ಅಧ್ಯಯನ 2025ರಲ್ಲಿ ಬಂತು. ಸೂತ್ರ ಹಲವು ಸಲ ನಿಜಕ್ಕಿಂತ ಜಾಸ್ತಿ ವೇಗ ಹೇಳಿತು. ಹಾಗಾಗಿ ಮೇಲಿನ ಅಂಕಿಗಳನ್ನು ಸ್ಪೀಡೋಮೀಟರ್ ತೋರಿಸಿದ ಹಾಗೆ ಓದಬೇಡಿ. ನಡಿಗೆಯೋ ಓಟವೋ ಅನ್ನುವ ಅಂದಾಜಿಗೆ ಅವು ಸಾಕು, ದಶಾಂಶಕ್ಕೆ ಜೋತುಬೀಳುವುದು ಬೇಡ.

## ದೊಡ್ಡದಾದಷ್ಟೂ ಓಟ ಕಷ್ಟ ಯಾಕೆ

ಹೆಜ್ಜೆಗುರುತು ಇಲ್ಲದಿದ್ದರೆ ಎರಡನೇ ದಾರಿ ಮೂಳೆ ಮತ್ತು ಸ್ನಾಯುವಿನ ಲೆಕ್ಕ. ಇಲ್ಲಿ ಒಂದು ಸರಳ ಗಣಿತ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಒಂದು ಪ್ರಾಣಿಯನ್ನು ಅದೇ ಆಕಾರದಲ್ಲಿ ಎರಡು ಪಟ್ಟು ದೊಡ್ಡದು ಮಾಡಿ. ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ಎತ್ತರ ಎರಡು ಪಟ್ಟು. ತೂಕ ಎಷ್ಟಾಯಿತು? ಎಂಟು ಪಟ್ಟು. ಆದರೆ ಸ್ನಾಯುವಿನ ಬಲ ಇರುವುದು ಅದರ ದಪ್ಪದಲ್ಲಿ, ಅಂದರೆ ಅಡ್ಡಲಾಗಿ ಕತ್ತರಿಸಿದರೆ ಕಾಣುವ ಬಿಲ್ಲೆಯ ವಿಸ್ತೀರ್ಣದಲ್ಲಿ. ಅದು ನಾಲ್ಕೇ ಪಟ್ಟು ಹೆಚ್ಚುತ್ತದೆ. ಹೊರೆ ಎಂಟು ಪಟ್ಟು, ಹೊರುವ ಬಲ ನಾಲ್ಕು ಪಟ್ಟು. ಇರುವೆ ತನಗಿಂತ ಭಾರವಾದದ್ದನ್ನು ಹೊತ್ತು ಹೋಗುವುದಕ್ಕೂ, ಆನೆ ಜಿಗಿಯದೆ ಇರುವುದಕ್ಕೂ ಕಾರಣ ಇದೇ.

ಇದನ್ನು ಟಿ-ರೆಕ್ಸ್‌ಗೆ ಹಚ್ಚಿದವರು ಜಾನ್ ಹಚಿನ್ಸನ್ ಮತ್ತು ಮರಿಯಾನೋ ಗಾರ್ಸಿಯಾ, 2002ರಲ್ಲಿ. ಅದಕ್ಕೂ ಮೊದಲು ಕೆಲವರು ಕಾಲಿನ ಉದ್ದ, ಕೀಲುಗಳ ಆಕಾರ ನೋಡಿ ಗಂಟೆಗೆ 70 ಕಿಲೋಮೀಟರ್ ಇರಬಹುದು ಅನ್ನುತ್ತಿದ್ದರು. ಇವರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಅಷ್ಟು ವೇಗಕ್ಕೆ ಕಾಲಲ್ಲಿ ಎಷ್ಟು ಸ್ನಾಯು ಬೇಕು? ಉತ್ತರ: ಮೈತೂಕದ ಸುಮಾರು ಶೇ 86ರಷ್ಟು ಕಾಲಿನ ಸ್ನಾಯುವೇ ಆಗಿರಬೇಕು! ಹಾಗಾದರೆ ತಲೆ, ಹೊಟ್ಟೆ, ಬಾಲ, ಮೂಳೆ ಎಲ್ಲ ಎಲ್ಲಿ ಇಡುವುದು? ಕೋಳಿಯನ್ನೂ ಲೆಕ್ಕದಲ್ಲಿ 6 ಟನ್ನಿಗೆ ಹಿಗ್ಗಿಸಿ ನೋಡಿದರು. ಆ ಕೋಳಿಗೂ ಓಡಲು ಸಾಧ್ಯವಿರಲಿಲ್ಲ. ಟಿ-ರೆಕ್ಸ್‌ಗೆ 40 ಕಿಲೋಮೀಟರ್ ಎಂಬುದು ಮೇಲಿನ ಗಡಿ, ನಿಜ ಅದಕ್ಕಿಂತ ಕಡಿಮೆಯೇ ಇದ್ದೀತು ಎಂದರು. ಹುಡುಕಿದಾಗ ಸಿಗುವ 40 ಅಂದರೆ ಇದು.

ಆಮೇಲೆ 2017ರಲ್ಲಿ ಎರಡು ಲೆಕ್ಕಗಳು ಒಂದೇ ವರ್ಷ ಬಂದವು. ಒಂದು ಗುಂಪು ಕಂಪ್ಯೂಟರ್‌ನಲ್ಲಿ ಟಿ-ರೆಕ್ಸ್ ಕಟ್ಟಿ ಓಡಿಸಿ, ಕಾಲಿನ ಮೂಳೆಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಅಂತ ನೋಡಿತು. ಸುಮಾರು 20 ಕಿಲೋಮೀಟರ್ ದಾಟಿದರೆ ಮೂಳೆ ಮುರಿಯುವ ಅಪಾಯ. ಅಂದರೆ ಸ್ನಾಯು ಇದ್ದರೂ ಮೂಳೆ ಬಿಡುತ್ತಿರಲಿಲ್ಲ. ಇನ್ನೊಂದು ಗುಂಪು ನೂರಾರು ಪ್ರಾಣಿಗಳ ತೂಕ ಮತ್ತು ವೇಗವನ್ನು ಒಟ್ಟಿಗೆ ಇಟ್ಟು ನೋಡಿತು. ಭಾರೀ ಪ್ರಾಣಿ ವೇಗ ಹಿಡಿಯಲು ಜಾಸ್ತಿ ಹೊತ್ತು ಬೇಕು. ಆದರೆ ಸ್ನಾಯುವಿನಲ್ಲಿ ತಟ್ಟನೆ ಖರ್ಚಿಗೆ ಸಿಗುವ ಶಕ್ತಿ ಅಷ್ಟು ಹೊತ್ತು ಉಳಿಯುವುದಿಲ್ಲ. ಪೂರ್ತಿ ವೇಗ ಮುಟ್ಟುವ ಮೊದಲೇ ಅದು ಖಾಲಿ. ನೆಲದ ಪ್ರಾಣಿಗಳಲ್ಲೇ ಅತಿ ವೇಗದ ಚೀತಾ ಅಷ್ಟು ಓಡುತ್ತದೆ, ಅದಕ್ಕಿಂತ ಎಷ್ಟೋ ದೊಡ್ಡ ಆನೆ ಓಡುವುದಿಲ್ಲ, ಅದಕ್ಕೆ ಇವರು ಕೊಡುವ ಕಾರಣ ಇದು. ಇವರ ಲೆಕ್ಕದಲ್ಲಿ ಟಿ-ರೆಕ್ಸ್‌ಗೆ ಬಂದದ್ದು 27.

ಇನ್ನು ಉಳಿದದ್ದು ಆ 5ಕ್ಕೂ ಕಡಿಮೆ. 2021ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅಲ್ಲಿನ ಲೈಡನ್ ನಗರದ ಮ್ಯೂಸಿಯಂನಲ್ಲಿರುವ 'ಟ್ರಿಕ್ಸ್' ಎಂಬ ಟಿ-ರೆಕ್ಸ್‌ನ ಬಾಲವನ್ನು ಲೆಕ್ಕ ಹಾಕಿದರು. ನಡೆಯುವಾಗ ಬಾಲ ಮೇಲೆ ಕೆಳಗೆ ತೂಗುತ್ತದೆ. ಉಯ್ಯಾಲೆಗೆ ಒಂದು ಸಹಜ ಲಯ ಇರುವ ಹಾಗೆ ಬಾಲಕ್ಕೂ ಇರುತ್ತದೆ, ಆ ಲಯಕ್ಕೆ ಹೆಜ್ಜೆ ಕೂಡಿದರೆ ಶ್ರಮ ಕಡಿಮೆ. ಹಾಗೆ ಬಂದ ವೇಗ ಗಂಟೆಗೆ ಸುಮಾರು 4.6 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ನಡಿಗೆಯದ್ದೇ ವೇಗ. ಆದರೆ ಗಮನಿಸಿ, ಇದು ಅದರ ಗರಿಷ್ಠ ವೇಗ ಅಲ್ಲ. ಆರಾಮಾಗಿ ಅಡ್ಡಾಡುವ ವೇಗ. ಸುದ್ದಿಯ ತಲೆಬರಹ ಬರೆಯುವವರು ಇದನ್ನೇ ಮರೆತದ್ದು.

## ಹಾಗಾದರೆ ಓಡುತ್ತಿತ್ತಾ ಇಲ್ವಾ?

ಓಟ ಅಂದರೆ ಏನು ಅನ್ನುವುದರ ಮೇಲೆ ಹೋಗುತ್ತದೆ. ನಾವು ಓಡುವಾಗ ಒಂದು ಕ್ಷಣ ಎರಡೂ ಕಾಲು ನೆಲ ಬಿಟ್ಟಿರುತ್ತವೆ. ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗಕ್ಕೆ ಹೋದರೂ ಅದರ ಒಂದು ಕಾಲಾದರೂ ನೆಲದ ಮೇಲೇ ಇರುತ್ತದೆ. ಅಟ್ಟಿಸಿಕೊಂಡು ಬರುವ ಆನೆಯ ಮುಂದೆ ನಿಂತವರಿಗೆ ಈ ವ್ಯತ್ಯಾಸದಿಂದ ಏನೂ ಲಾಭವಿಲ್ಲ ಬಿಡಿ. ಬೆಳೆದ ಟಿ-ರೆಕ್ಸ್ ಕೂಡ ಬಹುಶಃ ಹೀಗೇ, ಬಿರುಸಾದ ನಡಿಗೆಯ ಪ್ರಾಣಿ. ಹೆಜ್ಜೆ ನಿಧಾನ, ಆದರೆ ಒಂದೊಂದು ಹೆಜ್ಜೆಯೂ ಉದ್ದ.

ಓಡಿ ಬಿದ್ದರೆ ಏನು ಗತಿ ಅಂತಲೂ 1995ರಲ್ಲಿ ಜೇಮ್ಸ್ ಫಾರ್ಲೋ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದರು. ಅಷ್ಟು ಎತ್ತರದಿಂದ ಅಷ್ಟು ತೂಕ ಕುಸಿದರೆ ಪೆಟ್ಟು ಜೀವಕ್ಕೇ ಮುಳುವಾಗಬಹುದು. ಕೈಯೂರಿ ತಡೆಯೋಣ ಅಂದರೆ ಆ ಕೈಗಳೋ, ಪಾಪ, ಬಾಯಿಗೂ ಎಟುಕದಷ್ಟು ಚಿಕ್ಕವು.

ಆದರೂ ಮೈ ನೋಡಿದರೆ ಇದು ಸೋಮಾರಿ ಪ್ರಾಣಿ ಅನ್ನಿಸುವುದಿಲ್ಲ. ಬಾಲದ ಬುಡದಿಂದ ತೊಡೆಯ ಮೂಳೆಗೆ ಒಂದು ದಪ್ಪ ಸ್ನಾಯು ಹಾದುಹೋಗುತ್ತಿತ್ತು, ಕಾಲನ್ನು ಹಿಂದಕ್ಕೆ ಎಳೆದು ಮೈಯನ್ನು ಮುಂದಕ್ಕೆ ನೂಕುವ ಎಂಜಿನ್ ಅದೇ. ತನ್ನ ಗಾತ್ರದ ಬೇರೆ ಮಾಂಸಾಹಾರಿಗಳಿಗಿಂತ ಟೈರನೋಸಾರ್‌ಗಳು ಬೇಗ ತಿರುಗಬಲ್ಲವಾಗಿದ್ದವು ಅನ್ನುತ್ತದೆ 2019ರ ಒಂದು ಅಧ್ಯಯನ, ಏಕೆಂದರೆ ಅವುಗಳ ಮೈ ಗಿಡ್ಡ, ಸೊಂಟದ ಸ್ನಾಯು ದೊಡ್ಡದು. ನೃತ್ಯಗಾರರು ಕೈಗಳನ್ನು ಮೈಗೆ ಒತ್ತಿಕೊಂಡಾಗ ಗಿರಗಿರ ತಿರುಗುವ ಹಾಗೆ. ಇನ್ನು ಆ ಉದ್ದ ಕಾಲುಗಳು ವೇಗಕ್ಕಿಂತ ಜಾಸ್ತಿ ಮೈಲುಗಟ್ಟಲೆ ಸುಸ್ತಿಲ್ಲದೆ ನಡೆಯುವುದಕ್ಕೆ ಉಪಯೋಗಕ್ಕೆ ಬಂದಿರಬೇಕು ಅನ್ನುವ ವಾದ 2020ರಲ್ಲಿ ಬಂತು. ನನಗೆ ಇದು ಸರಿ ಅನ್ನಿಸುತ್ತದೆ. ಅದರ ಊಟವಾಗಿದ್ದ ಎಡ್ಮಂಟೊಸಾರಸ್, ಟ್ರೈಸೆರಾಟಾಪ್ಸ್ ಎಂಬ ಸಸ್ಯಾಹಾರಿ ಡೈನೋಸಾರ್‌ಗಳು ಕೂಡ ಟನ್‌ಗಟ್ಟಲೆ ತೂಗುತ್ತಿದ್ದವು. ಅವುಗಳ ಕಾಲಿಗೂ ಅದೇ ಗಣಿತ. ಜಿಂಕೆ ಹಿಡಿಯಲು ಬೇಕಾದ ವೇಗ ಇಲ್ಲಿ ಬೇಕಿರಲಿಲ್ಲ.

## ಮೂಳೆ ಪುಡಿ ಮಾಡುವ ಬಾಯಿ

ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. ಒಂದು ಕೆಜಿ ತೂಕವನ್ನು ಕೈಯಲ್ಲಿ ಹಿಡಿದರೆ ಅಂಗೈ ಮೇಲೆ ಬೀಳುವುದು ಸುಮಾರು 10 ನ್ಯೂಟನ್. ಈಗ ಬದುಕಿರುವ ಪ್ರಾಣಿಗಳಲ್ಲಿ ಅಳೆದು ನೋಡಿದ ಅತಿ ಗಟ್ಟಿ ಕಡಿತ ಉಪ್ಪುನೀರಿನ ಮೊಸಳೆಯದು, 16,000 ನ್ಯೂಟನ್‌ಗಿಂತ ಸ್ವಲ್ಪ ಜಾಸ್ತಿ. ಟಿ-ರೆಕ್ಸ್‌ಗೆ 2012ರ ಒಂದು ಲೆಕ್ಕ 35,000ರಿಂದ 57,000 ಅಂದಿತು, 2017ರ ಇನ್ನೊಂದು ಲೆಕ್ಕ 8,500ರಿಂದ 34,500 ಅಂದಿತು. ದವಡೆಯ ಸ್ನಾಯು ಉಳಿದಿಲ್ಲವಲ್ಲ, ಎಷ್ಟು ದಪ್ಪ ಇತ್ತು ಅಂತ ಇಟ್ಟುಕೊಳ್ಳುತ್ತೇವೋ ಅದರ ಮೇಲೆ ಅಂಕಿ ಏರುತ್ತದೆ, ಇಳಿಯುತ್ತದೆ. 35,000 ಅಂದುಕೊಂಡರೂ ಮೂರೂವರೆ ಟನ್ ಭಾರ ಹಲ್ಲುಗಳ ಮೇಲೆ ಕೂತ ಹಾಗೆ.

ಹಲ್ಲೂ ಹಾಗೇ ಇದ್ದವು. ಬಹುತೇಕ ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲು ಚಪ್ಪಟೆ, ಅಂಚಿನಲ್ಲಿ ಗರಗಸದಂಥ ಸಣ್ಣ ಕಚ್ಚು, ಥೇಟ್ ಚಾಕು. ಟಿ-ರೆಕ್ಸ್ ಹಲ್ಲು ಬಾಳೆಹಣ್ಣಿನಂತೆ ದಪ್ಪ, ಬೇರೂ ಸೇರಿದರೆ 30 ಸೆಂಟಿಮೀಟರ್ ಮುಟ್ಟುತ್ತಿತ್ತು. ಚಾಕುವನ್ನು ಮೂಳೆಗೆ ಹೊಡೆದರೆ ಚಾಕು ಮುರಿಯುತ್ತದೆ, ಗೂಟ ಹೊಡೆದರೆ ಮೂಳೆ ಸೀಳುತ್ತದೆ. ಅದು ಬಾಯಿ ಹಾಕಿ ಒತ್ತುತ್ತಿತ್ತು, ಆಮೇಲೆ ಕುತ್ತಿಗೆ ಹಿಂದಕ್ಕೆ ಎಳೆಯುತ್ತಿತ್ತು. ಹಾಗೆ ತಿಂದ ಗುರುತುಗಳು ಮೂಳೆಗಳ ಮೇಲೇ ಇವೆ. 1996ರಲ್ಲಿ ವಿವರಿಸಿದ ಟ್ರೈಸೆರಾಟಾಪ್ಸ್‌ನ ಸೊಂಟದ ಮೂಳೆಯೊಂದರಲ್ಲಿ ಹತ್ತಾರು ಕಡಿತದ ಗುರುತುಗಳಿವೆ, ಕೆಲವು ಆಳದ ಗುಂಡಿಗಳು, ಕೆಲವು ಎಳೆದ ಗೀರುಗಳು.

ಅಗಿಯುವ ಹಲ್ಲು ಇರಲಿಲ್ಲ, ಹಾಗಾಗಿ ಕಿತ್ತದ್ದನ್ನು ಮೂಳೆಸಮೇತ ನುಂಗುತ್ತಿತ್ತು. ಇದಕ್ಕೆ ಸಾಕ್ಷಿ ಬೇಕಾ? ಕೆನಡಾದ ಸಸ್ಕಾಚೆವಾನ್‌ನಲ್ಲಿ ಕಲ್ಲಾದ ಮಲ ಸಿಕ್ಕಿದೆ, 44 ಸೆಂಟಿಮೀಟರ್ ಉದ್ದ, ಅದರ ತುಂಬಾ ಪುಡಿಯಾದ ಮೂಳೆ ಚೂರುಗಳು. ಆ ಗಾತ್ರ, ಆ ಜಾಗ, ಆ ಕಾಲ ಎಲ್ಲ ಸೇರಿಸಿ ನೋಡಿದರೆ ಬೆರಳು ತೋರುವುದು ಟಿ-ರೆಕ್ಸ್ ಕಡೆಗೇ.

ಅಲೋಸಾರಸ್ ಊಟ ಮಾಡುವ ರೀತಿಯೇ ಬೇರೆ. ಅದರ ತಲೆಬುರುಡೆ ಗಟ್ಟಿ, ಆದರೆ ಕಡಿತ ಅಷ್ಟೇನೂ ಬಲವಿಲ್ಲ ಅಂತ 2001ರಲ್ಲಿ ಎಮಿಲಿ ರೇಫೀಲ್ಡ್ ಅವರ ತಂಡ ತೋರಿಸಿತು. 2013ರ ಇನ್ನೊಂದು ಅಧ್ಯಯನ ಅದರ ಕುತ್ತಿಗೆಯ ಸ್ನಾಯುಗಳನ್ನು ನೋಡಿತು. ಟಿ-ರೆಕ್ಸ್ ಮೊಸಳೆಯಂತೆ ತಲೆ ಒದರಿ ಮಾಂಸ ಹರಿಯುತ್ತಿದ್ದರೆ, ಅಲೋಸಾರಸ್ ಗಿಡುಗದ ಹಾಗೆ ತಲೆ ಕೆಳಗಿಟ್ಟು ಕಚ್ಚಿ, ನೇರ ಮೇಲಕ್ಕೂ ಹಿಂದಕ್ಕೂ ಕೀಳುತ್ತಿತ್ತು. ಒಂದು ಮುರಿಯುವ ಬಾಯಿ, ಇನ್ನೊಂದು ಕೊಯ್ಯುವ ಬಾಯಿ. ಸ್ಪೈನೋಸಾರ್ ಗುಂಪಿನವು ಇವೆರಡಕ್ಕೂ ಸೇರಲಿಲ್ಲ, ಉದ್ದ ಮೂತಿಯಲ್ಲಿ ಮೀನು ಹಿಡಿಯುತ್ತಿದ್ದವು. ಆ ಗುಂಪಿನ ಬ್ಯಾರಿಯೋನಿಕ್ಸ್ 1983ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಾಗ ಹೊಟ್ಟೆಯ ಜಾಗದಲ್ಲಿ ಮೀನಿನ ಪೊರೆಗಳಿದ್ದವು. ಜೊತೆಗೆ ಮರಿ ಡೈನೋಸಾರ್ ಒಂದರ ಮೂಳೆಯೂ ಇತ್ತು, ಮೀನು ಮಾತ್ರವೇ ತಿನ್ನುತ್ತೇನೆ ಅನ್ನುವ ವ್ರತವೇನೂ ಇರಲಿಲ್ಲ.

## ಕೊಂದು ತಿನ್ನುತ್ತಿತ್ತಾ, ಸತ್ತದ್ದನ್ನು ತಿನ್ನುತ್ತಿತ್ತಾ

ನಿಧಾನದ ಕಾಲು, ಪುಟ್ಟ ಕೈ, ಚುರುಕಾದ ಮೂಗು, ಮೂಳೆ ಒಡೆಯುವ ದವಡೆ. ಇದನ್ನೆಲ್ಲ ಕೂಡಿಸಿ ಟಿ-ರೆಕ್ಸ್ ಬರೀ ಸತ್ತ ಪ್ರಾಣಿ ತಿನ್ನುತ್ತಿತ್ತು ಎಂದು ಅಮೆರಿಕದ ಪಳೆಯುಳಿಕೆ ತಜ್ಞ ಜ್ಯಾಕ್ ಹಾರ್ನರ್ ವಾದಿಸಿದ್ದರು. ವಾದ ಜನಪ್ರಿಯವಾಯಿತು, ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ.

ಆದರೆ 2013ರಲ್ಲಿ ಒಂದು ಒಳ್ಳೆಯ ಸಾಕ್ಷಿ ಪ್ರಕಟವಾಯಿತು. ಅಮೆರಿಕದ ಸೌತ್ ಡಕೋಟಾದಲ್ಲಿ ಸಿಕ್ಕ ಬಾತುಮೂತಿಯ ಡೈನೋಸಾರ್‌ನ ಬಾಲದ ಮೂಳೆಯೊಳಗೆ ಟಿ-ರೆಕ್ಸ್ ಹಲ್ಲೊಂದು ಮುರಿದು ನಾಟಿಕೊಂಡಿತ್ತು, ಅದರ ಸುತ್ತ ಹೊಸ ಮೂಳೆ ಬೆಳೆದಿತ್ತು. ಹೆಣದ ಗಾಯ ಮಾಯುವುದಿಲ್ಲ. ಅಂದರೆ ಟಿ-ರೆಕ್ಸ್ ಜೀವಂತ ಪ್ರಾಣಿಯ ಹಿಂದೆ ಬಿದ್ದಿತ್ತು, ಬಾಲ ಕಚ್ಚಿತ್ತು, ಮತ್ತು ಪ್ರಾಣಿ ಕೊಸರಿಕೊಂಡು ಪಾರಾಗಿ ಆಮೇಲೂ ಬದುಕಿತ್ತು. ಮುಂದಕ್ಕೆ ನೋಡುವ ಎರಡು ಕಣ್ಣುಗಳ ನೋಟ ಸುಮಾರು 55 ಡಿಗ್ರಿಯಷ್ಟು ಒಂದರ ಮೇಲೊಂದು ಕೂಡುತ್ತಿತ್ತು ಅನ್ನುವುದೂ ಇದಕ್ಕೆ ಹೊಂದುತ್ತದೆ, ದೂರ ಅಂದಾಜು ಮಾಡಲು ಅದು ಬೇಕು.

ಹಾಗಂತ ಬಿದ್ದ ಹೆಣ ಸಿಕ್ಕರೆ ಬಿಡುತ್ತಿತ್ತಾ? ಖಂಡಿತ ಇಲ್ಲ. ಸಿಂಹವೂ ಬಿಡುವುದಿಲ್ಲ, ಕತ್ತೆಕಿರುಬವೂ ಬಿಡುವುದಿಲ್ಲ. 'ಎರಡರಲ್ಲಿ ಒಂದು' ಅನ್ನುವ ಪ್ರಶ್ನೆಯೇ ಇಲ್ಲಿ ಸರಿಯಿಲ್ಲ. ತಮ್ಮವರನ್ನೇ ತಿಂದವೂ ಇವೆ. ಮಡಗಾಸ್ಕರ್‌ನ ಮಜುಂಗಾಸಾರಸ್ ಎಂಬ ಥೆರೋಪಾಡ್‌ನ ಮೂಳೆಗಳ ಮೇಲೆ ಮಜುಂಗಾಸಾರಸ್ ಹಲ್ಲಿನ ಗುರುತೇ ಇದೆ.

## ವಯಸ್ಸು ಬದಲಾದರೆ ಊಟವೂ ಬದಲು

ಇಷ್ಟು ಹೊತ್ತು ಮಾತಾಡಿದ್ದು ಬೆಳೆದ ಪ್ರಾಣಿಯ ಬಗ್ಗೆ. ಟಿ-ರೆಕ್ಸ್ ಹುಟ್ಟುವಾಗ 8 ಟನ್ ಇರಲಿಲ್ಲ. ಹದಿಹರೆಯದಲ್ಲಿ, ಸುಮಾರು 14ರಿಂದ 18 ವರ್ಷದ ನಡುವೆ, ದಿನಕ್ಕೆ 2 ಕೆಜಿಯಷ್ಟು ತೂಕ ಏರಿಸಿಕೊಳ್ಳುತ್ತಿತ್ತು ಅನ್ನುತ್ತದೆ ಮೂಳೆಯೊಳಗಿನ ಬೆಳವಣಿಗೆಯ ಗೆರೆಗಳ ಲೆಕ್ಕ. ಅದಕ್ಕೂ ಮೊದಲು ಅದು ಸಪೂರ ಮೈಯ, ಉದ್ದ ಕಾಲಿನ ಪ್ರಾಣಿ. ಮೇಲಿನ ಹೊರೆ-ಬಲದ ಗಣಿತ ಮರಿಗೆ ಅಷ್ಟು ಕಾಟ ಕೊಡುವುದಿಲ್ಲ, ಹಾಗಾಗಿ ಅಪ್ಪ-ಅಮ್ಮನಿಗಿಂತ ಮರಿಯೇ ಚೆನ್ನಾಗಿ ಓಡುತ್ತಿತ್ತು. ಆದರೆ ಮೂಳೆ ಒಡೆಯುವ ದವಡೆ ಅದಕ್ಕೆ ಇನ್ನೂ ಬಂದಿರಲಿಲ್ಲ.

ಹಾಗಾದರೆ ಅದು ಏನು ತಿನ್ನುತ್ತಿತ್ತು? ಟಿ-ರೆಕ್ಸ್‌ನ ನೆಂಟ ಗೋರ್ಗೋಸಾರಸ್‌ನ ಹೊಟ್ಟೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಕೆನಡಾದ ಆಲ್ಬರ್ಟಾದಲ್ಲಿ 2009ರಲ್ಲಿ ಸಿಕ್ಕ ಈ ಪಳೆಯುಳಿಕೆಯ ವಿವರ 2023ರಲ್ಲಿ ಪ್ರಕಟವಾಯಿತು. ವಯಸ್ಸು 5ರಿಂದ 7 ವರ್ಷ, ತೂಕ ಸುಮಾರು 335 ಕೆಜಿ. ಪಕ್ಕೆಲುಬುಗಳ ಒಳಗೆ ಸಿಟಿಪೀಸ್ ಎಂಬ ಹಕ್ಕಿಯಂಥ ಸಣ್ಣ ಡೈನೋಸಾರ್‌ಗಳ ಕಾಲುಗಳಿದ್ದವು, ಎರಡು ಮರಿಗಳವು, ಎರಡಕ್ಕೂ ವರ್ಷ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಉಳಿದ ಮೈ ಬಿಟ್ಟು ಮಾಂಸ ಜಾಸ್ತಿ ಇರುವ ಕಾಲನ್ನಷ್ಟೇ ಆರಿಸಿ ನುಂಗಿದಂತಿದೆ. ಒಂದು ಜೊತೆ ಕಾಲು ಜಾಸ್ತಿ ಕರಗಿತ್ತು, ಇನ್ನೊಂದು ಜೊತೆ ಕಡಿಮೆ. ಅಂದರೆ ಅವು ಬೇರೆ ಬೇರೆ ಹೊತ್ತಿನ ಊಟ, ಮತ್ತು ಎರಡನೆಯದು ಕರಗುವ ಮೊದಲೇ ಅದು ಸತ್ತಿತ್ತು.